ಗಲ್ಲಿಗೆ ಅಡ್ಡವಿಟ್ಟ ಕಲ್ಲು

ಆ ಒಗೆಯುವ ಕಲ್ಲು ಯಾರದೆಂದು ನಮ್ಮ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಮನೆಯದು. ನಾನು ಮದುವೆಯಾಗಿ ಬಂದಾಗಲೇ ಅದು ಬಚ್ಚಲ ಹೊರಗಿತ್ತು. ಬಟ್ಟೆ ಬಡಿದು ಬಡಿದು ನಡು ತಗ್ಗಾಗಿದೆ. ಒಂದು ಮೂಲೆ ಮುಕ್ಕು. ಅದು ನನ್ನ ಮಗಳು ಚಿಕ್ಕವಳಿದ್ದಾಗ ಕುಟ್ಟಾಣಿ ಬೀಳಿಸಿ ಮಾಡಿದ್ದು. ಮಗಳು ಈಗಿಲ್ಲ, ಅವಳ ಮಗಳು ನನ್ನ ಜೊತೆಗಿದ್ದಾಳೆ. ಅಂಥ ಕಲ್ಲು ಅವತ್ತು ಗಲ್ಲಿಯ ಬಾಯಲ್ಲಿ, ಪೊಲೀಸರು ಸುತ್ತ ಎಳೆದ ಸುಣ್ಣದ ಗೆರೆಯೊಳಗೆ ಒಂಟಿಯಾಗಿ ಬಿದ್ದಿತ್ತು. ಸಂಜೆ ಬರುತ್ತೇನೆ, ಅಷ್ಟರೊಳಗೆ ಕಲ್ಲು ಯಾರದೆಂದು ಹೇಳಬೇಕು, ನನಗೆ ಒಂದು ಹೆಸರು ಸಾಕು ಎಂದು ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು.

ಕಲ್ಲು ಹೊತ್ತು ತಂದಿಟ್ಟವಳು ಅವಳೇ ಆದ್ದರಿಂದ ಆ ಒಂದು ಹೆಸರು ನನ್ನ ಮೊಮ್ಮಗಳದು. ಅವಳಿಗೆ ಸಿಟಿ ಬಸ್ಸಿನ ಡ್ರೈವರ್ ಕೆಲಸ ಆಗಿತ್ತು. ಟೆಸ್ಟು ಮುಗಿದಿತ್ತು, ಕಣ್ಣು ಕಿವಿ ನೋಡಿ ಕಳಿಸಿದ್ದರು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಈ ಹೊತ್ತಿನಲ್ಲಿ ಅವಳ ಹೆಸರಿಗೆ ಕೇಸು ಬಿದ್ದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಎಲ್ಲ ಶುರುವಾಗಿದ್ದು ದೊಡ್ಡ ರಸ್ತೆಗೆ ಟೋಲ್ ಬಂದ ಮೇಲೆ. ದುಡ್ಡು ಕೊಡಲು ಮನಸ್ಸಿಲ್ಲದ ಕಾರು, ವ್ಯಾನು, ಟೆಂಪೋಗಳೆಲ್ಲ ಟೋಲ್‌ಗೇಟಿಗೆ ಸ್ವಲ್ಪ ಮೊದಲೇ ತಿರುಗಿ ನಮ್ಮ ಗಲ್ಲಿಗೆ ನುಗ್ಗತೊಡಗಿದವು. ಎದುರು ಮನೆಯವರು ಸೀನಿದರೆ ನಮ್ಮ ಮನೆಯ ದೀಪ ಆರುವಷ್ಟು ಇಕ್ಕಟ್ಟಿನ ಗಲ್ಲಿ ಇದು. ಒಂದು ಕಾಲದಲ್ಲಿ ಸೆಕೆಗಾಲಕ್ಕೆ ಎಲ್ಲರೂ ಹೊರಗೇ ಮಂಚ ಹಾಕಿಕೊಂಡು ಮಲಗುತ್ತಿದ್ದೆವು. ಈಗ ಹೊಸ್ತಿಲು ದಾಟಬೇಕಾದರೆ ಮೊದಲು ತಲೆ ಹೊರಹಾಕಿ ಆ ಕಡೆ ಈ ಕಡೆ ನೋಡಬೇಕು. ಬಾಗಿಲಲ್ಲಿ ಕಾಲು ಚಾಚಿ ಗುಂಡಿ ಹೊಲಿಯುತ್ತ ಕೂತಿದ್ದ ಟೈಲರನ ಹೆಂಡತಿಯ ಪಾದದ ಮೇಲೆ ಒಂದು ವ್ಯಾನು ಹತ್ತಿ ಇಳಿದು, ನಿಲ್ಲಿಸದೆ ಹೋಯಿತು.

ವಾರ್ಡ್ ಮೆಂಬರ ಹತ್ತಿರ ಹೋದೆವು. "ಟೋಲ್ ನನ್ನ ಕೈಲಿಲ್ಲಮ್ಮ, ಮೇಲಿನೋರದು," ಎಂದು ಕೈ ಮೇಲೆತ್ತಿ ತೋರಿಸಿದರು. ನಾವೂ ಮೇಲೆ ನೋಡಿದೆವು, ಫ್ಯಾನು ತಿರುಗುತ್ತಿತ್ತು. ಪೊಲೀಸ್ ಠಾಣೆಗೆ ಹೋದೆವು. ಮೇಜಿನ ಹಿಂದಿದ್ದವನು, "ಗಲ್ಲಿಗೊಬ್ಬ ಪೊಲೀಸ್ ಅಂದ್ರೆ ಎಲ್ಲಿಂದ ತರೋಣ? ನೀವೇ ಏನಾದ್ರೂ ಅಡ್ಡ ಇಟ್ಕೊಳ್ಳಿ," ಎಂದ.

ಇಟ್ಟುಕೊಂಡೆವು.

ನಮ್ಮ ಗಲ್ಲಿಯಲ್ಲಿ ಹಳೆಯದೊಂದು ಪದ್ಧತಿಯಿದೆ. ಎಲ್ಲರಿಗೂ ಸೇರಿದ ಕೆಲಸಕ್ಕೆ ಮನೆಗೊಂದರಂತೆ ಕೊಡಬೇಕು. ಚರಂಡಿ ತೋಡಿದಾಗ ಮನೆಗೊಂದು ಆಳು, ಹಾಳುಬಾವಿ ಮುಚ್ಚಿದಾಗ ಮನೆಗೊಂದು ಬುಟ್ಟಿ ಮಣ್ಣು. ಕೊಟ್ಟದ್ದು ಯಾರದೆಂದು ಎಲ್ಲರಿಗೂ ಕಾಣಬೇಕು, ಇಲ್ಲವಾದರೆ ಅವರು ಕೊಡಲಿಲ್ಲ, ಇವರು ತಪ್ಪಿಸಿಕೊಂಡರು ಎಂಬ ಮಾತು ಬರುತ್ತದೆ. ಬೇರೆ ಜನವಾಗಿದ್ದರೆ ಎಲ್ಲಿಂದಲೋ ಒಂದು ಗಾಡಿ ಕಲ್ಲುಚೂರು ತಂದು ಸುರಿದು ಕೈತೊಳೆದುಕೊಳ್ಳುತ್ತಿದ್ದರು. ನಾವು ಮಾತ್ರ ಬೆಳಕು ಹರಿಯುವ ಮೊದಲೇ ಎದ್ದು, ಮನೆಮನೆಯಿಂದ ಗುರುತಿನ ಕಲ್ಲುಗಳನ್ನೇ ಹೊತ್ತು ತಂದೆವು. ಮೇಷ್ಟ್ರು ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುವ ಕಲ್ಲು ಉರುಳಿಸಿಕೊಂಡು ಬಂದರು. ದಿನಸಿ ಅಂಗಡಿಯವನು ಅಂಗಡಿ ಮುಂದಿನ ಮೆಟ್ಟಿಲನ್ನೇ ಕಿತ್ತು ತಂದ. ಅದಕ್ಕೆ ಅಂಗಡಿ ಬಾಗಿಲಿನದೇ ಹಸಿರು ಬಣ್ಣ. ನಮ್ಮ ಕಲ್ಲನ್ನು ಒಂದು ಕಡೆ ಟೈಲರ್, ಒಂದು ಕಡೆ ಮೊಮ್ಮಗಳು ಹಿಡಿದು ತಂದಿಟ್ಟರು. ಎಲ್ಲರೂ ಒಂದು ಗಳಿಗೆ ನಿಂತು ನೋಡಿದೆವು. ಸಾಲು ಚೆನ್ನಾಗಿಯೇ ಕಂಡಿತು.

ಟೋಲ್‌ಗೇಟಿನ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಕಾನ್‌ಸ್ಟೆಬಲ್ ಒಬ್ಬ ಅದೇ ಹೊತ್ತಿಗೆ ಬೈಕಿನಲ್ಲಿ ಬಂದ. ಅಡ್ಡದಾರಿ ಅವನಿಗೂ ಗೊತ್ತಿತ್ತಲ್ಲ. ನಸುಗತ್ತಲು. ಬೈಕು ನಮ್ಮ ಕಲ್ಲಿಗೆ ಬಡಿದದ್ದು ಕೇಳಿಸಿತು, ಅವನು ಬಿದ್ದದ್ದು ಕಾಣಿಸಿತು. ಭುಜದ ಮೂಳೆ ಮುರಿದು, ಹಣೆ ಒಡೆದು ಕೂಗಿಕೊಂಡ. ಅವನೂ ಯಾವ ತಾಯಿಯ ಮಗನೋ, ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಮೊಮ್ಮಗಳು ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡಿ!" ಎಂದು ಕೂಗಿದಳು. ಮೇಷ್ಟ್ರು ಫೋನ್ ಮಾಡಿದರು. ಆದರೆ ಹೆದರಿಕೆ ಕೆಟ್ಟದ್ದು. ಫೋನ್ ಮಾಡಿದವರೂ ಸೇರಿದಂತೆ ಎಲ್ಲರೂ ತಮ್ಮ ತಮ್ಮ ಕಲ್ಲೆತ್ತಿಕೊಂಡು ಮನೆ ಸೇರಿದರು. ನಮ್ಮದು ಇಬ್ಬರು ಎತ್ತುವ ಕಲ್ಲು, ಎತ್ತಬೇಕಾದವಳು ಗಾಯಾಳುವಿನ ತಲೆ ಹಿಡಿದು ಕೂತಿದ್ದಳು. ಆಂಬುಲೆನ್ಸಿನ ಹಿಂದೆಯೇ ಜೀಪು ಬಂದಾಗ ಗಲ್ಲಿಯ ಬಾಯಲ್ಲಿ ಉಳಿದದ್ದು ಅದೊಂದೇ.

ಮಧ್ಯಾಹ್ನ ಟೈಲರನ ಅಂಗಡಿಯಲ್ಲಿ ಎಲ್ಲರೂ ಸೇರಿದರು. ನಾನು ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮೊಮ್ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ರಕ್ತವಾಗಿದ್ದ ಬಟ್ಟೆ ಬದಲಿಸಿದ್ದಳು. ಒಗೆಯಲು ಕಲ್ಲಿಲ್ಲದೆ ಬಕೆಟಿನಲ್ಲಿ ನೆನೆಹಾಕಿದ್ದಳು.

"ಅಜ್ಜೀ, ನಾನು ಹೇಳೋದು ಸ್ವಲ್ಪ ಕೇಳಿ," ಎಂದು ಅಂಗಡಿಯವನು ಮೊದಲು ಬಾಯಿಬಿಟ್ಟ. "ಹುಡುಗೀನೇ ಅವನನ್ನ ಉಳಿಸಿದ್ದು. ಅವಳೇ ಹೋಗಿ ಕಲ್ಲು ನಂದು ಸಾರ್ ಅಂದ್ರೆ ಇನ್‌ಸ್ಪೆಕ್ಟ್ರು ನಾಲ್ಕು ಮಾತು ಬೈದು ಬಿಟ್ಬಿಡ್ತಾರೆ. ಒಬ್ಬರಿಂದ ಗಲ್ಲಿಗೆ ಗಲ್ಲಿನೇ ಬಚಾವ್ ಆಗುತ್ತೆ."

"ಆಹಾ! ನಿಮ್ಮ ಹಸಿರು ಮೆಟ್ಟಿಲು ಬೆಳಿಗ್ಗೆ ರೆಕ್ಕೆ ಬಂದು ಹಾರ್ಕೊಂಡು ಹೋಯ್ತಾ ಅಂಗಡಿಗೆ?" ಎಂದ ಟೈಲರ್.

"ನೀನೇನು ಬಿಟ್ಟು ಹೋಗಿದ್ಯಾ? ನಿನ್ನ ಚಪ್ಪಡಿ ಎತ್ಕೊಂಡು ಓಡಿದ್ದನ್ನ ನಾನೇ ಕಣ್ಣಾರೆ ನೋಡ್ದೆ."

"ಓಡ್ದೆ. ಇಲ್ಲ ಅಂದ್ನಾ? ಆದ್ರೆ ಹುಡುಗಿ ಹೆಸರು ಕೊಡಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಸ್ಟೇಷನ್ನಿನವರೇ ಅಡ್ಡ ಇಟ್ಕೊಳ್ಳಿ ಅಂದಿದ್ದು. ಅದನ್ನೇ ಹೇಳೋಣ."

"ಯಾರು ಅಂದಿದ್ದು ಅಂತ ಕೇಳಿದ್ರೆ? ಅವನ ಹೆಸರು ಗೊತ್ತಾ ನಿಮಗೆ?" ಎಂದ ಅಂಗಡಿಯವನು.

"ಮೀಸೆ ಇತ್ತು," ಎಂದರು ಮೇಷ್ಟ್ರು.

"ಬಿಡಿ, ಸಿಕ್ಕಿಬಿದ್ದ! ಆ ಸ್ಟೇಷನ್ನಲ್ಲಿ ಮೀಸೆ ಇರೋನು ಅವನೊಬ್ಬನೇ ತಾನೆ?"

ಒಂದಿಬ್ಬರು ನಕ್ಕರು. ಟೋಲ್ ಯಾರ ಜೇಬಿಗೆ ಹೋಗುತ್ತದೆ, ಮೆಂಬರಿಗೆ ಎಷ್ಟು ಪಾಲು, ಪೊಲೀಸರು ಯಾರ ಮಾತು ಕೇಳುತ್ತಾರೆ ಎಂದು ಮಾತು ಎತ್ತೆತ್ತಲೋ ಹರಿಯಿತು. ಪಾದಕ್ಕೆ ಪಟ್ಟಿ ಕಟ್ಟಿಕೊಂಡ ಟೈಲರನ ಹೆಂಡತಿ ಒಳಗಿನಿಂದಲೇ, "ಊರಿನ ಸುದ್ದಿಯೆಲ್ಲ ಆಮೇಲೆ ಮಾತಾಡಿ! ಸಂಜೆಗೆ ಜೀಪು ಬರುತ್ತೆ, ಆ ಹುಡುಗಿ ಗತಿ ಏನು, ಅದನ್ನ ಹೇಳಿ!" ಎಂದು ಕೂಗಿದಳು.



"ನಾನೇ ಹೇಳ್ಬಿಡ್ತೀನಿ ಬಿಡಿ," ಎಂದಳು ಮೊಮ್ಮಗಳು. ಸಿಟ್ಟಿನಿಂದಲ್ಲ, ಸುಸ್ತಿನಿಂದ. "ಎಲ್ಲರ ತಲೆನೋವು ತಪ್ಪುತ್ತೆ. ಬಸ್ಸಿಲ್ಲದಿದ್ರೆ ಆಟೋ ಓಡಿಸ್ತೀನಿ."

ಹತ್ತು ಜನ ಮಾತಾಡುವ ಕಡೆ ನಾನು ಬಾಯಿ ಹಾಕುವವಳಲ್ಲ. ಅವತ್ತು ಎದ್ದು ನಿಂತೆ.

"ಯಾರೂ ಸುಳ್ಳು ಹೇಳಿ ಅಂತ ನಾನು ಕೇಳಲ್ಲಪ್ಪ. ಬೆಳಿಗ್ಗೆ ಮನೆಗೊಂದು ಕಲ್ಲು ಅಂದ್ವಿ, ಇಟ್ವಿ. ಎಲ್ಲಿಂದ ಎತ್ಕೊಂಡು ಹೋದ್ರೋ ಅಲ್ಲೇ ತಂದಿಡಿ. ನಾನು ಬೇರೆ ಏನೂ ಕೇಳಲ್ಲ."

"ಅಜ್ಜೀ, ಅದು ಬೇಕಂತಲೇ ಸಿಕ್ಕಿಹಾಕ್ಕೊಂಡ ಹಾಗೆ ಆಗಲ್ವಾ?" ಎಂದ ಅಂಗಡಿಯವನು.

"ಆಗುತ್ತೆ. ಇವಳು ಆಗ್ಲೇ ಸಿಕ್ಕಿಹಾಕ್ಕೊಂಡಿದ್ದಾಳಲ್ಲ."

ಮನೆಗೆ ಬಂದು ಬಾಗಿಲಲ್ಲಿ ಕೂತೆ. ಅಲ್ಲಿಂದ ಗಲ್ಲಿಯ ಬಾಯಿ ಕಾಣುತ್ತದೆ. ಬಹಳ ಹೊತ್ತು ಏನೂ ಆಗಲಿಲ್ಲ. ಸುಣ್ಣದ ಗೆರೆಯನ್ನು ಬಳಸಿಕೊಂಡು ಸ್ಕೂಟರುಗಳು ಆಗಲೇ ಓಡಾಡತೊಡಗಿದ್ದವು. ಎದುರು ಮನೆಯವರು ಕಿಟಕಿ ತೆರೆದು, ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರು. ಮೊಮ್ಮಗಳು ಒಳಗೆ ಬಕೆಟಿನಲ್ಲಿ ಬಟ್ಟೆ ಅದ್ದುತ್ತ, ಹಿಂಡುತ್ತ, ಅದನ್ನೇ ಮತ್ತೆ ಅದ್ದುತ್ತ ಇದ್ದಳು.

ಮೊದಲು ಬಂದವನು ಟೈಲರ್. ಚಪ್ಪಡಿಯನ್ನು ಎದೆಗಪ್ಪಿಕೊಂಡು ಬಂದು, ದೊಪ್ಪೆಂದು ಇಟ್ಟು, ಯಾರನ್ನೂ ನೋಡದೆ ಹೋದ. ಆಮೇಲೆ ಮೇಷ್ಟ್ರು. ರುಬ್ಬುವ ಕಲ್ಲು ಅವರ ಕೈ ಮೀರಿ ಚರಂಡಿಯತ್ತ ಉರುಳಿದಾಗ ಎದುರು ಮನೆಯಾತ ಓಡಿಬಂದು ಹಿಡಿದ. ಹಿಡಿದ ಮೇಲೆ ಸುಮ್ಮನೆ ಹೋಗಲಾರದೆ ತನ್ನದನ್ನೂ ತಂದಿಟ್ಟ. ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಾಲು ಬೆಳೆಯಿತು. ಅಂಗಡಿಯವನು ಅರ್ಧ ಷಟರ್ ಎಳೆದು ಒಳಗೇ ಇದ್ದ. ಅವನ ಜಾಗ ಖಾಲಿ ಉಳಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಇನ್‌ಸ್ಪೆಕ್ಟರು ಇಳಿದು, ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಏನಿದು? ಬೆಳಿಗ್ಗೆ ಒಂದೇ ಇತ್ತು, ಈಗ ಮರಿ ಹಾಕಿದ್ಯಾ?"

"ಬೆಳಿಗ್ಗೆಯೂ ಇಷ್ಟೇ ಇದ್ವು ಸಾರ್," ಎಂದರು ಮೇಷ್ಟ್ರು. "ಆಮೇಲೆ ಹೆದರಿ ಎತ್ಕೊಂಡು ಹೋದ್ವಿ."

ಇನ್‌ಸ್ಪೆಕ್ಟರು ಮೊಮ್ಮಗಳ ಕಡೆ ತಿರುಗಿದರು. "ನೀನಲ್ವಾ ನಮ್ಮ ಹುಡುಗನ ತಲೆ ಹಿಡ್ಕೊಂಡು ಕೂತಿದ್ದು?"

"ಹೌದು ಸಾರ್. ಅವರು ಹೇಗಿದ್ದಾರೆ?"

"ಆಪರೇಷನ್ ಆಗಬೇಕು. ನಿನ್ನ ಕಲ್ಲು ಯಾವುದು?"

ಅವಳು ಸಾಲಿನ ಕಡೆ ನೋಡಿದಳು. "ಇದರಲ್ಲೇ ಇದೆ ಸಾರ್."

"ಯಾವುದು ಅಂತ ಕೇಳ್ದೆ."

"ಎಲ್ಲರದ್ದೂ ಬರ್ಕೊಳ್ಳಿ ಸಾರ್," ಎಂದು ಟೈಲರ್ ಮುಂದೆ ಬಂದ. "ಇದು ನಂದು. ನನ್ನ ಹೆಂಡ್ತಿ ಕಾಲು ನೋಡ್ಬಿಟ್ಟು ಬರ್ಕೊಳ್ಳಿ."

"ನಿನ್ನನ್ನ ಕೇಳಿಲ್ಲ!" ಇನ್‌ಸ್ಪೆಕ್ಟರ ದನಿ ಗೋಡೆಗೆ ಹೊಡೆದು ತಿರುಗಿ ಬಂತು. ಅವರು ಸುತ್ತ ಕಣ್ಣಾಡಿಸಿದರು. ಅರ್ಧ ಷಟರಿನ ಕೆಳಗೆ ಬಗ್ಗಿ ನೋಡುತ್ತಿದ್ದ ಅಂಗಡಿಯವನು ಕಣ್ಣಿಗೆ ಬಿದ್ದ. "ಏಯ್, ಬಾ ಇಲ್ಲಿ. ನಿನ್ನ ಕಲ್ಲು ಎಲ್ಲಿ?"

ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದ. "ನಾನಾ ಸಾರ್? ಅಯ್ಯೋ, ನಾನು ಇದಕ್ಕೆಲ್ಲ ಸೇರೋನೇ ಅಲ್ಲ. ವ್ಯಾಪಾರದೋನು. ನಾನು ಕಲ್ಲು ಇಟ್ಟೇ ಇಲ್ಲ."

ಇನ್‌ಸ್ಪೆಕ್ಟರ ಮುಖ ಅರಳಿತು.

"ಬಹಳ ಒಳ್ಳೇದಾಯ್ತು! ನಿನ್ನಂಥೋನೇ ಬೇಕಿತ್ತು ನನಗೆ. ಇದಕ್ಕೆ ಸೇರದೆ, ಎಲ್ಲ ನೋಡಿದೋನು. ನೀನೇ ಸಾಕ್ಷಿ." ಪಕ್ಕದಲ್ಲಿದ್ದ ಪೊಲೀಸಿನವನಿಗೆ ಬರೆದುಕೊಳ್ಳಲು ಸನ್ನೆ ಮಾಡಿದರು. ಬೂಟುಗಾಲಿನಿಂದ ನಮ್ಮ ಕಲ್ಲನ್ನು ಮುಟ್ಟಿ, "ಹೇಳು, ಇದು ಯಾರ ಮನೇದು?" ಎಂದರು.

ಅಂಗಡಿಯವನು ಕಲ್ಲನ್ನು ನೋಡಿದ. ಅವನ ತಾಯಿ ಹೆರಿಗೆಯಾಗಿ ಮಲಗಿದ್ದಾಗ ಅವನ ಬಟ್ಟೆಗಳನ್ನು ನಾನು ಒಗೆದದ್ದು ಆ ಕಲ್ಲಿನ ಮೇಲೆಯೇ. ಆದರೆ ಅವನು ಆಗ ನೆನೆದದ್ದು ಅದನ್ನಲ್ಲ ಎಂದು ನನಗೆ ಗೊತ್ತು.

"ಸಾಕ್ಷಿ ಅಂದ್ರೆ ಸಾರ್... ಕೋರ್ಟಿಗೆ ಬರಬೇಕಾ?"

"ಕರೆದಾಗೆಲ್ಲ ಬರಬೇಕು."

"ಅಂಗಡಿ ಮುಚ್ಚಿ?"

"ಅಂಗಡಿ ಹೊತ್ಕೊಂಡು ಬರೋಕಾಗುತ್ತಾ? ಮುಚ್ಚೇ ಬರಬೇಕು."

ಅಂಗಡಿಯವನು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ಅವನ ಗಿರಾಕಿಗಳೇ. ಮೊಮ್ಮಗಳು ಅವನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ಟೈಲರನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತಿದ್ದಳು.

"ಒಂದ್ನಿಮಿಷ ಸಾರ್," ಎಂದವನೇ ಷಟರಿನ ಕೆಳಗೆ ನುಸುಳಿದ. ಒಳಗೆ ಡಬ್ಬಗಳು ಉರುಳಿದ ಸದ್ದು. ತಿರುಗಿ ಬಂದಾಗ ಹಸಿರು ಮೆಟ್ಟಿಲು ಅವನ ಬೆನ್ನ ಮೇಲಿತ್ತು. ಖಾಲಿ ಜಾಗಕ್ಕೆ ಇಳಿಸಿದ. "ಇದು ನಂದು. ಆವಾಗ ಮರ್ತು ಹಂಗೆ ಅಂದ್ಬಿಟ್ಟೆ."

"ಅಂಗಡಿ ಮೆಟ್ಟಿಲು ಕಿತ್ಕೊಂಡು ಹೋಗಿಟ್ಟಿದ್ದು ಮರ್ತಿದ್ಯಾ?"

"ವಯಸ್ಸಾಯ್ತು ಸಾರ್."

ಇನ್‌ಸ್ಪೆಕ್ಟರು ಅವನನ್ನು ತಿನ್ನುವಂತೆ ನೋಡಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. "ಹೇಳಿ ಮೆಂಬರ್ರೆ," ಎಂದು ಪಕ್ಕಕ್ಕೆ ಸರಿದರು. "ಒಂದು ಹೆಸರಲ್ಲ, ಇಡೀ ಗಲ್ಲಿ... ಹೌದು. ಎಲ್ಲರ ಮೇಲೂ ಹಾಕಿದ್ರೆ ಪೇಪರ್ರಿನೋರು ಬರ್ತಾರೆ, ಯಾಕಿಟ್ರು ಅಂತ ಕೇಳ್ತಾರೆ, ಟೋಲ್ ವಿಷಯ ಬರುತ್ತೆ... ಸರಿ, ನಿಮಗೂ ಬೇಡ, ನನಗೂ ಬೇಡ."

ಫೋನು ಜೇಬಿಗಿಟ್ಟು ಬರೆಯುವವನಿಗೆ, "ಅಪರಿಚಿತರು ಅಂತ ಹಾಕು," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಕತ್ತಲಾಗೋದ್ರೊಳಗೆ ಇದೆಲ್ಲ ತೆಗೆದಿರಬೇಕು. ಇನ್ನೊಬ್ಬ ಬಿದ್ದ ಅಂತ ಗೊತ್ತಾದ್ರೆ ಮೆಂಬರ್ ಮಾತೂ ಕೇಳಲ್ಲ ನಾನು," ಎಂದು ಜೀಪು ಹತ್ತಿದರು.

ಜೀಪು ತಿರುವು ದಾಟಿತು. ಮೊಮ್ಮಗಳು ಬಂದು ನನ್ನ ತೋಳು ಹಿಡಿದಳು. "ಹೆಸರು ಬರೀಲಿಲ್ಲ ಅಲ್ವಾ ಅಜ್ಜಿ?" ಎಂದು ನನ್ನನ್ನೇ ಕೇಳಿದಳು.

"ಬರೀಲಿಲ್ಲ ಮಗಾ."

ಅಷ್ಟು ಹೊತ್ತಿಗೆ ದೊಡ್ಡ ರಸ್ತೆಯಿಂದ ಒಂದು ಗೂಡ್ಸ್ ವ್ಯಾನು ತಿರುಗಿ, ಸಾಲಿನ ಮುಂದೆ ಬಂದು ನಿಂತು ಹಾರನ್ ಒತ್ತಿತು. ಅದರ ಹಿಂದೆ ಎರಡು ಕಾರು.

"ತೆಗೀಬೇಕಂತಲ್ಲ," ಎಂದರು ಮೇಷ್ಟ್ರು.

"ಕತ್ತಲಾಗೋದ್ರೊಳಗೆ ಅಂದಿದ್ದು," ಎಂದ ಟೈಲರ್. "ಕತ್ತಲಾಗಿದ್ಯಾ?"

"ನಾನಂತೂ ಈಗ ಎತ್ತಲ್ಲಪ್ಪ, ಸೊಂಟ ಹೋಯ್ತು," ಎಂದು ಅಂಗಡಿಯವನು ಏದುಸಿರು ಬಿಡುತ್ತ ತನ್ನ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟ.

ವ್ಯಾನಿನವನು ಕಿಟಕಿಯಿಂದ ತಲೆ ಹೊರಹಾಕಿ ಬೈಯತೊಡಗಿದ. ಮೊಮ್ಮಗಳು ನನ್ನ ತೋಳು ಬಿಟ್ಟು, ಸಾಲು ದಾಟಿ, ಹಿಂದಿನ ಕಾರುಗಳನ್ನು ಮೊದಲು ಹೊರಡಿಸಿ, ವ್ಯಾನಿನ ಹಿಂದೆ ಹೋಗಿ ನಿಂತಳು. ಅದರ ಬದಿಯನ್ನು ಅಂಗೈಯಿಂದ ತಟ್ಟುತ್ತ ಕೂಗಿದಳು.

"ಬನ್ನಿ ಅಣ್ಣ, ರಿವರ್ಸ್ ಬನ್ನಿ. ಎಡಕ್ಕೆ ಕಟ್ ಮಾಡಿ. ಹಾ, ಬರ್ಲಿ, ಬರ್ಲಿ, ಇನ್ನೂ ಜಾಗ ಇದೆ."