ಎದೆಯ ಅಳತೆಯ ದಾರ

ಉಮಾಪತಿಯ ಎದೆಯ ಮೇಲೆ ಮಾಂಸವಿರಲಿಲ್ಲ. ಎಲುಬು ಎಣಿಸಬಹುದಿತ್ತು. ಯಲಬುರ್ಗಿಯ ಗರಡಿಯಲ್ಲಿ ನಾವು ಎಣಿಸುತ್ತಲೂ ಇದ್ದೆವು, ದನಿ ಎತ್ತಿ.

ನಮಗೆಲ್ಲ ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಉಮಾಪತಿ ಪೇಟೆಯಲ್ಲಿ ಹತ್ತಿ ತುಂಬಿದ ಅಂಡಿಗೆಮೂಟೆ ಹೊರುತ್ತಿದ್ದ. ಗರಡಿಯ ಗುಂಡುಕಲ್ಲನ್ನು ಕಾರಹುಣ್ಣಿಮೆಯ ಮರುದಿನವೇ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದಿದ್ದ. ನನ್ನ ಎದೆ ಅವನದಕ್ಕಿಂತ ನಾಲ್ಕು ಬೆರಳು ದೊಡ್ಡದು. ಆ ಕಲ್ಲು ನನ್ನ ಮೊಣಕಾಲು ದಾಟಿರಲಿಲ್ಲ. ಆದರೂ ಅವನು ಅಂಗಿ ತೆಗೆಯುತ್ತಿರಲಿಲ್ಲ. ಅಂಗಿ ತೊಟ್ಟೇ ಮಣ್ಣಿಗಿಳಿಯುತ್ತಿದ್ದ. ಬೆವರು, ಎಣ್ಣೆ, ಕೆಮ್ಮಣ್ಣು ಕೂಡಿ ಅದು ಸತ್ತ ಇಲಿಯಂತೆ ನಾರುತ್ತಿತ್ತು.

೧೯೩೮ರ ನಾಗರಪಂಚಮಿಗೆ ಊರ ಮುಂದೆ ಗುಂಡು ಎತ್ತುವುದಿತ್ತು. ಬರಿಮೈಯಲ್ಲಿ ಎತ್ತಬೇಕು. ಅವನಿಗೆ ಕಲ್ಲಿನ ಚಿಂತೆ ಇರಲಿಲ್ಲ. ಬರಿಮೈಯದೇ ಚಿಂತೆ.

ದಾರದ ಪದ್ಧತಿ ನಮ್ಮ ಉಸ್ತಾದ ಮದಾರಸಾಬರದು. ಪ್ರತಿ ಅಮಾವಾಸ್ಯೆಗೆ ಒಬ್ಬೊಬ್ಬರ ಎದೆಗೂ ದಾರ ಸುತ್ತಿ, ಅಳತೆಗೆ ಗಂಟು ಹಾಕಿ, ಗೋಡೆಯ ಗೂಟಕ್ಕೆ ನೇತು ಹಾಕುತ್ತಿದ್ದರು. ಪ್ರತಿಯೊಬ್ಬನೂ ತನ್ನ ಹಳೆಯ ಗಂಟಿನ ಜೊತೆಗಷ್ಟೇ ಸೆಣಸಬೇಕು, ಬೇರೆಯವನ ಮೈ ನೋಡಿ ಕೊರಗಬಾರದು ಅಂತ ಅವರ ವಿಚಾರ. ಹದಿನಾಲ್ಕು ದಾರ ಸಾಲಾಗಿ ತೂಗುತ್ತಿದ್ದರೆ ಯಾರು ತನ್ನದನ್ನಷ್ಟೇ ನೋಡುತ್ತಾರೆ? ಮುದುಕರಿಗೆ ಅಷ್ಟು ತಿಳಿಯಲಿಲ್ಲ.

“ಉಮ್ಯಾ, ನಿನ್ನ ದಾರ ಎಲ್ಲಿ ಹೋತಲೇ? ಗುಬ್ಬಿ ಗೂಡು ಕಟ್ಟಾಕ ಒಯ್ತೇನು?” ಅಂದ ಅಡತಿ ಅಂಗಡಿಯ ಅಂದಪ್ಪ.

“ಇಲ್ಲೇ ಐತಲ್ಲೋ. ಉಸ್ತಾದರ ಬೆಕ್ಕಿನ ಅಳತಿ ಅಂತ ಬಿಟ್ಟಿದ್ದೆ,” ಅಂದೆ ನಾನು.

ಎಲ್ಲರೂ ನಕ್ಕರು. ಉಮಾಪತಿಯೂ ನಕ್ಕ. ಆ ಸಂಜೆ ನನ್ನ ಮನೆಗೆ ಬಂದ. ಗಂಗಾವತಿ ಸಂತೆಯಲ್ಲಿ ಒಬ್ಬನು ಪೈಲ್ವಾನನ ಪಟ ತೂಗುಹಾಕಿ ಮೈ ತುಂಬುವ ಪುಡಿ ಮಾರುತ್ತಾನಂತೆ, ನಿಮ್ಮ ಬಂಡಿ ಆ ಕಡೆ ಹೋಗುತ್ತದಲ್ಲ, ತಂದುಕೊಡು ಅಂದ. ತಂದುಕೊಟ್ಟೆ.

ಪಾದರಸ ಸುಟ್ಟ ಭಸ್ಮ ಅದು. ಬೆಣ್ಣೆಯಲ್ಲಿ ಕಡಲೆಕಾಳಿನಷ್ಟು ನುಂಗಬೇಕು. “ಬಾಯಾಗ ನೀರು ಒಡೀತೈತಿ, ಹೆದರಬ್ಯಾಡ್ರಿ,” ಅಂದಿದ್ದ ಮಾರುವವನು. “ಒಳಗಿನ ಬಡಕುತನ ಹೊರಗ ಬೀಳತೈತಿ. ಅದು ಪೂರಾ ಹೋದಮ್ಯಾಗ ಮಾಂಸ ಏರತೈತಿ.” ಆ ಮಾತನ್ನೂ ಪೊಟ್ಟಣದ ಜೊತೆಗೇ ಒಪ್ಪಿಸಿದೆ.

ಹತ್ತನೆಯ ದಿನ ಜೊಲ್ಲು ಶುರುವಾಯಿತು. ನೋಡಲು ಹೋದೆ. ನಾಲಿಗೆ ಊದಿ ಬಾಯಿ ಮುಚ್ಚುತ್ತಿರಲಿಲ್ಲ. ಒಸಡು ಕೊಳೆತ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಲ್ಲದಿಂದ ಹಳದಿ ಎಳೆ ಇಳಿದು ತಂಬಿಗೆಗೆ ಬೀಳುತ್ತಿತ್ತು, ಅದರ ಮೇಲೆ ನೊಣ. ಅವನ ಅವ್ವ ಕಳಕಮ್ಮ ತಂಬಿಗೆ ಒಯ್ದು ಚೆಲ್ಲಿ ಮತ್ತೆ ತಂದಿಡುತ್ತಿದ್ದಳು.

“ನಿನ್ನಿ ಎರಡು ತಂಬಿಗಿ. ಇವತ್ತ ಮೂರು,” ಅಂದ ತೊದಲುತ್ತ. ಖುಷಿಯಲ್ಲಿದ್ದ. “ಹೊರಗ ಬೀಳಾಕತ್ತೈತಿ.” ಬೇಗ ಬೀಳಲಿ ಅಂತ ಪುಡಿ ಎರಡು ಪಟ್ಟು ಮಾಡಿಕೊಂಡಿದ್ದ.

ನಾನು ಹೊರಗೆ ಹೋಗಿ ವಾಂತಿ ಮಾಡಿದೆ. ಆಮೇಲೆ ಉಸ್ತಾದರನ್ನು ಕರೆತಂದೆ.

ಉಸ್ತಾದರು ಪೊಟ್ಟಣ ಕಸಿದು ತಿಪ್ಪೆಗೆ ಎಸೆದರು. “ಈ ಇಷ ತಂದುಕೊಟ್ಟ ಸೂಳೇಮಗ ಯಾರಲೇ?” ಅಂದರು. ನಾನು ಗೋಡೆ ನೋಡಿದೆ. ಅವರು ತಮ್ಮ ಅಂಗಿ ಬಿಚ್ಚಿ ಅವನ ಮುಂದೆ ನಿಂತರು.

“ನೋಡು ಇದನ್ನ. ಮುದುಕಿ ಮೊಲಿ ಹಂಗ ಜೋತಾಡತೈತಿ. ಒಂದು ಕಾಲಕ್ಕ ಎಲ್ಲಾರ್ಕಿಂತ ನನ್ನ ದಾರ ಉದ್ದ ಇತ್ತು. ಏನಾತು? ಕಲ್ಲು ಎತ್ತೂದು ಎದಿ ಅಲ್ಲಲೇ, ನಡಾ, ತೊಡಿ. ನೀ ಎತ್ತಿದ್ದ್ಯಲ್ಲೋ ಹುಚ್ಚಾ!”

“ಅಂಗಿ ಹಾಕ್ಕೊಂಡು ಎತ್ತಿದ್ದೆರಿ,” ಅಂದ ಉಮಾಪತಿ. ಹೇಳುವಾಗಲೇ ಒಂದು ಹಲ್ಲು ತಂಬಿಗೆಗೆ ಬಿತ್ತು. ಟಣ್ ಅಂತು.

ಉಸ್ತಾದರು ಹೋದ ಮೇಲೆ ಅವನು ತಿಪ್ಪೆ ಕೆದರಿ ಪೊಟ್ಟಣ ಹುಡುಕಿಕೊಂಡನಂತೆ. ಸಗಣಿ ಒರೆಸಿ, ಉಳಿದದ್ದನ್ನೂ ನುಂಗಿದ. ಕಳಕಮ್ಮ ಹೇಳಿದಳು.

ಪಂಚಮಿಯ ದಿನ ಅವನು ಬಂದ. ಊರ ಮುಂದೆ ಮೊದಲ ಸಲ ಅಂಗಿ ತೆಗೆದ. ಎದೆ ಮೊದಲಿಗಿಂತ ಒಳಗೆ ಹೋಗಿತ್ತು. ಬಗ್ಗಿ ಕಲ್ಲನ್ನು ತಬ್ಬಿದ. ಕಲ್ಲಿನ ಮೇಲೆ ಜೊಲ್ಲು ಸುರಿಯಿತು, ಕಲ್ಲು ಅಲುಗಲಿಲ್ಲ. ಅವನ ನಂತರ ಎತ್ತಬೇಕಿದ್ದವನು ಆ ಕಲ್ಲು ಮುಟ್ಟಲು ಒಪ್ಪಲಿಲ್ಲ. ಎರಡು ಕೊಡ ನೀರು ಹಾಕಿ ತೊಳೆದರು. ಅಂದಪ್ಪ ನಕ್ಕ. ನಾನು ನಗಲಿಲ್ಲ, ಮೂಗು ಮುಚ್ಚಿಕೊಂಡಿದ್ದೆ.

ಸಂಜೆ ಉಸ್ತಾದರು ದಾರಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದರು. ಮರುದಿನ ಬೆಳಗ್ಗೆ ಹುಡುಗರು ರುಮಾಲಿನಿಂದ ಎದೆ ಅಳೆದುಕೊಳ್ಳುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಉಮಾಪತಿಯ ಬಾಯಿಂದ ಉದುರಿದ ಹಲ್ಲು ಹನ್ನೊಂದು. ಮೇಲಿನವು ಏಳು, ಕೆಳಗಿನವು ನಾಲ್ಕು.