ಕಾಲುಚೀಲದೊಳಗಿನ ನೀಲಿ ಮಣಿ

ಟಲ್ಲಿಯಲ್ಲಿ ಮಳೆ ಹಿಡಿಯಿತೆಂದರೆ ಹಾಕಿಕೊಳ್ಳುವ ಬೂಟಿನೊಳಗೂ ಬೂಷ್ಟು. ಇಂಥ ಊರಲ್ಲಿ ಮನೆಯಲ್ಲೇ ಬಂದೂಕಿನ ತೋಟಾ ತುಂಬಿಕೊಳ್ಳುವ ಮರ್ವ್‌ನಂಥವನಿಗೆ ತೇವಕ್ಕಿಂತ ದೊಡ್ಡ ಶತ್ರು ಯಾರು? ತೋಟಾದ ಬುಡಕ್ಕೆ ಕೂರಿಸುವ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರುಗಳನ್ನು ಅವನು ಸೇನೆಯ ಹಳೇ ಹಸಿರು ಡಬ್ಬಿಗಳಲ್ಲಿಟ್ಟು, ಚಳಿಗಾಲದ ಒಣ ದಿನ ನೋಡಿಯೇ ಮುಚ್ಚುತ್ತಿದ್ದ. ಮಳೆಯಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ ಅನ್ನುತ್ತಿದ್ದ.

ತೇವ ಹೀರುವ ಮಣಿಗಳ ಉಸಾಬರಿಯೆಲ್ಲ ಹೆಂಡತಿ ಐಲೀನಳದು. ನೀಲಿ ಮಣಿಗಳನ್ನು ತನ್ನ ಹಳೇ ನೈಲಾನ್ ಕಾಲುಚೀಲಕ್ಕೆ ತುಂಬಿ ಡಬ್ಬಿಯೊಳಗಿಡಲು ಗಂಟು ಹಾಕಿಕೊಡುತ್ತಿದ್ದಳು. ತೇವ ಕುಡಿದು ಅವು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಭಾನುವಾರ ಕುರಿತೊಡೆ ಬೆಂದು ಹೊರಬಂದ ಮೇಲೆ ಅದೇ ಓವನ್ನಿನ ಕಾವಿನಲ್ಲಿ ಹರಡುತ್ತಿದ್ದಳು. ಗ್ಯಾಸು ಸುಮ್ಮನೆ ಯಾಕೆ ಸುಡಬೇಕು ಅನ್ನುವವಳು ಅವಳು. ಮತ್ತೆ ನೀಲಿಯಾದ ಮಣಿಗಳಿಗೆಲ್ಲ ಮಾಂಸದ, ಅದಕ್ಕೆ ಹಾಕುವ ರೋಸ್ಮರಿ ಸೊಪ್ಪಿನ ಘಮ. ಇವನ ತೋಟಾದ ವಾಸನೆಗೆ ಕಾಡುಹಂದಿಗಳೇ ತಟ್ಟೆ ಹಿಡಿದು ಬರುತ್ತವೆ ಎಂದು ಗೆಳೆಯ ಡಾರ್ಸಿ ಶೂಟಿಂಗ್ ಕ್ಲಬ್ಬಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಐಲೀನ್ ತೀರಿಕೊಂಡ ಮೇಲೆ ಮರ್ವ್ ಓವನ್ ಹಚ್ಚಲೇ ಇಲ್ಲ. ಅವಳು ಕೊನೆಯದಾಗಿ ಗಂಟು ಹಾಕಿದ ಕಾಲುಚೀಲವಿದ್ದ ಪ್ರೈಮರು ಡಬ್ಬಿಯನ್ನೂ ಮುಟ್ಟಲಿಲ್ಲ.

ಈ ಮಾರ್ಚಿನಲ್ಲಿ, ಟಲ್ಲಿಯ ಮಳೆಗಾಲದ ನಡುವೆಯೇ, ಅಂಗಡಿಗಳಲ್ಲಿ ಪ್ರೈಮರುಗಳಿಗೆ ಬರ ಬಂತು. ಶನಿವಾರ ಕ್ಲಬ್ಬಿನ ಪಂದ್ಯ. ಇರುವ ಆ ಡಬ್ಬಿ ತೆಗೆಯೆಂದು ಡಾರ್ಸಿ ಬಂದು ಕೂತ. ಮಳೆಯಲ್ಲಿ ಹೇಗೆ ತೆಗೆಯಲಿ ಎಂದು ಮರ್ವ್ ಜಾರಿಕೊಳ್ಳಲು ನೋಡಿದ.

"ಮಳೆ ನೆಪ ನಂಗೆ ಹೇಳ್ಬೇಡ ಮಾರಾಯ."

"ತೆಗೆದ್ರೆ ಅವ್ಳು ಹೋಗ್ಬಿಡ್ತಾಳೆ ಕಣೋ," ಅಂದ ಮರ್ವ್.

ಡಾರ್ಸಿ, ಮುಚ್ಚಳದ ರಬ್ಬರು ಬಿರುಕು ಬಿಟ್ಟಿದ್ದರೆ ಒಳಗೆ ಏನುಳಿದಿರುತ್ತದೆ ಎಂದು ಮೆಲ್ಲಗೆ ಕೇಳಿದ. ಆ ಮಾತಿಗೆ ಮರ್ವ್ ಎದ್ದ. ಹೋಗಿ ಡಬ್ಬಿ ತಂದು ಕೊಂಡಿ ಎತ್ತಿಯೇಬಿಟ್ಟ.

ಮಣಿಗಳು ಇನ್ನೂ ನೀಲಿಯಾಗಿದ್ದವು. ಘಮ್ಮೆಂದು ಭಾನುವಾರದ ಅಡುಗೆಮನೆಯೇ ಎದ್ದು ಬಂತು. ಮರ್ವ್ ಕಾಲುಚೀಲವನ್ನು ಮುಖಕ್ಕೊತ್ತಿಕೊಂಡು ಮಗುವಿನಂತೆ ಅತ್ತ. ಡಾರ್ಸಿ ಕಿಟಕಿಯಾಚೆ ಮಳೆ ನೋಡುತ್ತ ನಿಂತ, ಆಮೇಲೆ ಪ್ರೈಮರು ತೆಗೆದುಕೊಂಡು ಹೋದ.

ಮರ್ವ್ ಹೆದರಿದಂತೆಯೇ ಆಯಿತು. ಪಂದ್ಯ ಮುಗಿಯುವಷ್ಟರಲ್ಲಿ ಮಣಿಗಳು ಗುಲಾಬಿಯಾಗಿ ಘಮವೆಲ್ಲ ಹಾರಿಹೋಗಿತ್ತು. ಒಣಗಿಸಬೇಕೆಂದರೆ ಅವಳ ಗಂಟು ಬಿಚ್ಚಬೇಕು. ಅದಕ್ಕೆ ಮರ್ವ್‌ಗೆ ಅರ್ಧ ಬೆಳಗು ಹಿಡಿಯಿತು. ಬಿಚ್ಚಿದವನೇ ಪೇಟೆಗೆ ಹೋಗಿ ಕುರಿತೊಡೆ ತಂದು, ಅವಳು ನೆಟ್ಟ ಗಿಡದಿಂದಲೇ ರೋಸ್ಮರಿ ಕಿತ್ತು, ಓವನ್ ಹಚ್ಚಿದ.

ಮಾಂಸ ಒಂದು ಮಗ್ಗುಲು ಸೀದುಹೋಯಿತು. ಊಟಕ್ಕೆ ಬಂದ ತಪ್ಪಿಗೆ ಡಾರ್ಸಿ ಅದನ್ನೇ ಎರಡು ಸಲ ಬಡಿಸಿಕೊಂಡು ತಿಂದ. ಆಮೇಲೆ ಇಬ್ಬರೂ ಓವನ್ನಿನ ಗಾಜಿಗೆ ಮೂಗು ಹಚ್ಚಿ, ಮಣಿಗಳು ಒಂದೊಂದಾಗಿ ನೀಲಿಯಾಗುವುದನ್ನು ನೋಡಿದರು. ಆರಿದ ಮೇಲೆ ಮರ್ವ್ ಅವನ್ನು ಕಾಲುಚೀಲಕ್ಕೆ ತುಂಬಿ ಮೂಸಿದ.

"ಅವ್ಳದ್ರ ಹಾಗೇ ಇದ್ಯಾ?" ಡಾರ್ಸಿ ಕೇಳಿದ.

"ಸೀದ ವಾಸ್ನೆ. ಇದ್ದಿದ್ರೆ ಬೈದು ಬೆವರಿಳಿಸ್ತಿದ್ಲು." ಮರ್ವ್ ನಕ್ಕ. ತೋಚಿದಂತೆ ಗಂಟು ಹಾಕಿದ. "ಡಬ್ಬಿ ಮುಚ್ಚೋಕೆ ಒಣ ದಿನ ಬರ್ಬೇಕು. ಅಲ್ಲೀತನಕ ಇದನ್ನ ವಾರವಾರ ಒಣಗಿಸ್ಲೇಬೇಕು. ಭಾನುವಾರ ಬಂದ್ಬಿಡೋ."