ಎಂಟರ ಮೇಲಿದ್ದ ಬೆರಳು

ಚಿಕ್ಕಮ್ಮನ ಎಡಗೈಯ ತೋರುಬೆರಳು ಹೋಗಿ ಇಪ್ಪತ್ತಾರು ದಿನಗಳಾಗಿದ್ದವು. ಕಾರ್ಖಾನೆಯ ನೋಟೀಸಿನಲ್ಲಿ ಬೆರಳಿನ ಸುದ್ದಿ ಅರ್ಧ ಸಾಲಿಗೆ ಮುಗಿದಿತ್ತು; ಉಳಿದ ಒಂದೂವರೆ ಪುಟ ಅವಳ ತಪ್ಪಿನ ವರ್ಣನೆ. ಪ್ರೆಸ್ ಯಂತ್ರಕ್ಕೆ ಎರಡು ಗುಂಡಿಗಳಿವೆ, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒತ್ತಿದರೆ ಮಾತ್ರ ಅಚ್ಚು ತಗಡಿನ ಮೇಲೆ ಬೀಳಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಸಿಕ್ಕಿಕೊಳ್ಳಲು ಮೂರನೆಯ ಕೈ ಬೇಕಲ್ಲ! ಆದ್ದರಿಂದ, ಎಂದಿತ್ತು ನೋಟೀಸು, ಈಕೆ ಕೆಲಸ ಬೇಗ ಮುಗಿಸುವ ಆಸೆಗೆ ಬಿದ್ದು ಎಡಗುಂಡಿಗೆ ಮರದ ಚೂರು ಸಿಕ್ಕಿಸಿಟ್ಟಿದ್ದಳು. ಆ ಚೂರನ್ನು ಕಂಡವರು ಯಾರೂ ಇರಲಿಲ್ಲ. ಗುರುವಾರ ವಿಚಾರಣೆ. ತಪ್ಪು ಸಾಬೀತಾದರೆ ಬೆರಳಿನ ಹಿಂದೆಯೇ ಹತ್ತೊಂಬತ್ತು ವರ್ಷಗಳ ಕೆಲಸವೂ ಹೋಗುತ್ತದೆ.

ಅಚ್ಚು ಒಮ್ಮೊಮ್ಮೆ ಎರಡು ಸಲ ಬೀಳುತ್ತದೆ ಎಂದು ಪ್ರೆಸ್ಸಿನ ಹೆಂಗಸರು ಎಷ್ಟೋ ಸಲ ದೂರಿದ್ದರು. ‘ಪ್ರೆಸ್ಸಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ ಕಣ್ರಮ್ಮ’ ಎಂದು ಮೇಸ್ತ್ರಿ ನಕ್ಕಿದ್ದ. ಈಗ ಮ್ಯಾನೇಜರು, ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಮಾತೇನೋ ನಿಜ. ಆದರೆ ಯಂತ್ರವನ್ನು ಯಾರು ಕೇಳಿದ್ದರು?

ಕೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ರಿಪೇರಿ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವವಳು. ಅಪಘಾತದ ಮರುದಿನವೇ ಕಂಪನಿ ಚಿಕ್ಕಮ್ಮನ ಪ್ರೆಸ್ಸಿನ ಕಂಟ್ರೋಲ್ ಪೆಟ್ಟಿಗೆಯನ್ನು ಬದಲಿಸಿ ಹಳೆಯದನ್ನು ಗುಜರಿಗೆ ಎಸೆದಿತ್ತು. ತಪ್ಪು ಹೆಂಗಸಿನದಾದರೆ ಪೆಟ್ಟಿಗೆಗೇಕೆ ಶಿಕ್ಷೆ? ಅದೇ ಕಾರ್ಖಾನೆಯಲ್ಲಿ ದುಡಿಯುವ, ನಮ್ಮ ಓದುಕೂಟದ ಫಿಟ್ಟರಣ್ಣ ಪೆಟ್ಟಿಗೆಯೊಳಗಿನ ಬೋರ್ಡನ್ನು ಊಟದ ಡಬ್ಬಿಯಲ್ಲಿಟ್ಟು ತಂದುಕೊಟ್ಟ. ಅದರ ಮೆಮೊರಿ ಚಿಪ್ಪಿನಲ್ಲಿದ್ದುದನ್ನೆಲ್ಲ ಅಂಗಡಿಯಲ್ಲಿ ಓದಿ ಕಾಗದಕ್ಕಿಳಿಸಿದೆ. ಬರೀ ಅಂಕಿಗಳು. ಆ ಅಂಕಿಗಳನ್ನು ನಡೆಸಿ ನೋಡಲು ಒಂದು ಪ್ರೊಸೆಸರ್ ಬೇಕಿತ್ತು. ಪೆಟ್ಟಿಗೆಯೊಳಗಿದ್ದದ್ದು ಸುಟ್ಟುಹೋಗಿತ್ತು. ಸರಿ, ಅದರ ತದ್ರೂಪನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದರಾಯಿತು ಎಂದುಕೊಂಡೆ. ಕೈಪಿಡಿ ಸಿಕ್ಕಿತು. ಪಾಪದ ಪ್ರೊಸೆಸರ್, ಅದಕ್ಕೆ ತಿಳಿಯುವ ಆಜ್ಞೆಗಳು ಹದಿನೆಂಟೇ.

ಓದುಕೂಟ ಸೇರುವುದು ವಾರದ ರಜೆಯ ಬೆಳಿಗ್ಗೆ, ಸೈಕಲ್ ಅಂಗಡಿಯ ಮಾಳಿಗೆಯಲ್ಲಿ. ಅಲ್ಲೊಂದು ಪದ್ಧತಿ ಇದೆ. ಒಬ್ಬರು ಒಂದು ವಾಕ್ಯ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು, ಮೂರನೆಯವರು ಹಾಗಾದರೆ ನಾವೇನು ಮಾಡಬೇಕು ಎಂಬುದನ್ನು ಹೇಳಬೇಕು. ಆಮೇಲಷ್ಟೇ ಮುಂದಿನ ವಾಕ್ಯ. ಅರ್ಥವಾಗದ ಹೊರತು ಫಿಟ್ಟರಣ್ಣ ಒಂದಕ್ಷರ ಮುಂದಕ್ಕೆ ಬಿಡುತ್ತಿರಲಿಲ್ಲ. ಅದಕ್ಕೇ ಅವನಿಗೆ ಪೂರ್ಣವಿರಾಮ ಎಂದು ಅಡ್ಡಹೆಸರು. ಒಂದು ತೆಳು ಪುಸ್ತಕಕ್ಕೆ ನಾವು ಏಳು ತಿಂಗಳು ತೆಗೆದುಕೊಂಡಿದ್ದೆವು. ಓದುವವಳು ಚಿಕ್ಕಮ್ಮ. ಮೂವತ್ತು ದಾಟಿದ ಮೇಲೆ ಅಲ್ಲಿಯೇ ಅಕ್ಷರ ಕಲಿತು, ಸಾಲಿನ ಮೇಲೆ ಎಡಗೈಯ ತೋರುಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಬೆರಳು ಹೋದಂದಿನಿಂದ ಪುಸ್ತಕ ಮುಟ್ಟಿರಲಿಲ್ಲ.

ಮಾಳಿಗೆಯ ಹಳೆಯ ಕಂಪ್ಯೂಟರಿಗೆ, ಬರೆದ ಸಾಲುಗಳನ್ನು ಅದಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಕಂಪೈಲರ್ ಹಾಕಿ ಕುಳಿತೆ. ಎಲ್ಲರೂ ಸುತ್ತ ಬೆಂಚೆಳೆದುಕೊಂಡರು. ನಾನು ವಿವರಿಸಿದೆ: ಇದೋ ಈ ಅರೇ ಎಂದರೆ ಇನ್ನೂರೈವತ್ತಾರು ಮನೆಗಳ ಸಾಲು, ಅದು ಮೆಮೊರಿ. ಒಂದೊಂದು ಆಜ್ಞೆಗೂ ಎರಡೆರಡು ಮನೆ. ಈಗ ಯಾವ ಮನೆಯಲ್ಲಿದ್ದೇವೆ ಎಂಬುದನ್ನು ಈ ಒಂದು ಸಂಖ್ಯೆ ನೆನಪಿಡುತ್ತದೆ. ಆಮೇಲೊಂದು ಲೂಪ್, ಸುತ್ತಿ ಸುತ್ತಿ ಅದೇ ಕೆಲಸ: ಆಜ್ಞೆ ಓದು, ಅರ್ಥ ಮಾಡಿಕೋ, ಮಾಡಿ ಮುಗಿಸು, ಮುಂದಕ್ಕೆ ಹೋಗು. ‘ಅಂದ್ರೆ ನಮ್ಮ ಕೂಟಾನೇ ಆ ಚಿಪ್ಪೊಳಗೆ ಕೂತಿದೆ’ ಎಂದ ಪೂರ್ಣವಿರಾಮ. ಮೊದಲ ಸಲ ಕಂಪೈಲ್ ಮಾಡಿದಾಗ ಹನ್ನೊಂದು ತಪ್ಪು ಬಂದವು, ಬಹುಪಾಲು ಸಾಲಿನ ಕೊನೆಗೆ ಸೆಮಿಕೋಲನ್ ಮರೆತದ್ದು. ಚಿಹ್ನೆ ಇಲ್ಲದೆ ಮುಂದಕ್ಕೆ ಹೋಗಲೊಪ್ಪದ ಯಂತ್ರದ ಮೇಲೆ ಅವನಿಗೆ ಅಭಿಮಾನ ಉಕ್ಕಿತು.

ತಪ್ಪುಗಳೆಲ್ಲ ತೀರಿದವು. ಚಿಪ್ಪಿನ ಅಂಕಿಗಳನ್ನು ತುಂಬಿದೆ. ಕೀಲಿಮಣೆಯ ಒಂದನೆಯ ಅಂಕಿ ಎಡಗುಂಡಿ, ಎರಡನೆಯದು ಬಲಗುಂಡಿ. ಒಂದೊಂದು ಸಲ ಎಂಟರ್ ಒತ್ತಿದಾಗಲೂ ಒಂದೊಂದು ಆಜ್ಞೆ ನಡೆಯುತ್ತಿತ್ತು. ಎರಡೂ ಒತ್ತಿದೆ, ಅಚ್ಚು ಬಿತ್ತು ಎಂದು ಪರದೆ ಹೇಳಿತು. ಎಡಗುಂಡಿ ಬಿಟ್ಟು ಬಲಗುಂಡಿಯನ್ನು ಹಿಡಿದೇ ಇದ್ದೆ. ಅಚ್ಚು ಬೀಳಲಿಲ್ಲ. ಮತ್ತೆ ಮತ್ತೆ ನೋಡಿದೆ. ಪ್ರತಿಸಲವೂ ಯಂತ್ರ ಸೊನ್ನೆಯ ಮನೆಗೆ ಹಿಂದಿರುಗಿ, ಎಡಗುಂಡಿಗಾಗಿ ಸಭ್ಯವಾಗಿ ಕಾಯುತ್ತ ನಿಂತಿತು.

ಯಂತ್ರ ನಿರಪರಾಧಿ. ಹಾಗಾದರೆ ಅಪರಾಧಿ ಯಾರು ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನನ್ನ ಕೈಯಾರೆ ಕಂಪನಿಗೆ ಸಾಕ್ಷಿ ತಯಾರಿಸಿದ್ದೆ. ಇದನ್ನು ಇಲ್ಲೇ ಅಳಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಪೂರ್ಣವಿರಾಮನೇ ಮೆಲ್ಲಗೆ ಹೇಳಿದ.

ಚಿಕ್ಕಮ್ಮ ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟಳು.

“ಅಳಿಸೋದು ಅವರ ಚಾಳಿ, ನಮ್ಮದಲ್ಲ. ನಾನು ಚೂರು ಸಿಕ್ಕಿಸಿಲ್ಲ. ಅಂದ್ಮೇಲೆ ನಾವಿನ್ನೂ ಸರಿಯಾಗಿ ಓದಿಲ್ಲ ಅಂತಾಯ್ತು. ಕಾಗದದ ಮೇಲೆ ಬರೆದುಕೊಡು ಮಗಳೇ, ನಾನು ಓದ್ತೀನಿ.”

ಅಚ್ಚಿಗೆ ಸಂಬಂಧಿಸಿದ ನಾಲ್ಕು ಆಜ್ಞೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಪ್ರತಿಯೊಂದರ ಪಕ್ಕ ಅದರ ಮನೆ ಸಂಖ್ಯೆ ಹಾಕಿದೆ. ಅವಳು ಮಧ್ಯದ ಬೆರಳನ್ನು ಸಾಲಿನ ಮೇಲಿಟ್ಟಳು. ಗಟ್ಟಿಯಾಗಿ ಓದತೊಡಗಿದಳು.

ಸೊನ್ನೆ: ಎಡಗುಂಡಿ ಒತ್ತುವವರೆಗೆ ಕಾದಿರು. ಎರಡು: ಬಲಗುಂಡಿ ಒತ್ತುವವರೆಗೆ ಕಾದಿರು. ನಾಲ್ಕು: ಅಚ್ಚನ್ನು ಬೀಳಿಸಿ ಎತ್ತು. ಆರು: ಆರು ಮನೆ ಹಿಂದಕ್ಕೆ ಹೋಗು.

ವಾಕ್ಯ ಓದಿ ಮುಗಿಸಿದ ಕೂಡಲೇ ಬೆರಳನ್ನು ಮುಂದಿನ ಸಾಲಿಗೆ ಇಳಿಸಿಡುವುದು ನಮ್ಮ ಕೂಟದ ರೂಢಿ. ಅರ್ಥದ ಜಗಳ ಎಷ್ಟು ಹೊತ್ತಾದರೂ ನಡೆಯಲಿ, ಮತ್ತೆ ಎಲ್ಲಿಂದ ಹಿಡಿಯಬೇಕು ಎಂಬುದು ತಪ್ಪಬಾರದಲ್ಲ. ಹಾಗೆ ಆರನೆಯ ಮನೆಯ ಸಾಲು ಓದಿದೊಡನೆ ಅವಳ ಬೆರಳು ಕೆಳಗಿನ ಖಾಲಿ ಜಾಗಕ್ಕೆ, ಎಂಟಕ್ಕೆ, ಇಳಿದಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದಳು: ಏಳು, ಆರು, ಐದು, ನಾಲ್ಕು, ಮೂರು, ಎರಡು.

“ಎರಡಕ್ಕೆ ಬಂತು” ಎಂದಳು.

“ಆರರಿಂದ ಎಣಿಸಬೇಕು ಚಿಕ್ಕಮ್ಮ. ಸೊನ್ನೆಗೆ ಬರತ್ತೆ.”

“ಆರು ಓದಿ ಆಯ್ತಲ್ಲೇ. ಬೆರಳು ಎಲ್ಲಿದೆಯೋ ಅಲ್ಲಿಂದ ತಾನೆ ಎಣಿಸೋದು?”

ನಗಲು ಹೊರಟವಳು ಅರ್ಧಕ್ಕೇ ನಿಂತೆ. ಕೈಪಿಡಿ ತೆಗೆದೆ. ಆಜ್ಞೆಯನ್ನು ಓದಿದ ಕೂಡಲೇ ಮನೆ ಸಂಖ್ಯೆ ಮುಂದಕ್ಕೆ ಸರಿಯುತ್ತದೆ, ಆಜ್ಞೆ ನಡೆಯುವುದು ಆಮೇಲೆ ಎಂದು ಒಂದೇ ಒಂದು ಸಾಲಿತ್ತು. ನಾನು ಅದನ್ನು ನೂರು ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ನನ್ನ ಲೂಪಿನಲ್ಲಿ ಸಂಖ್ಯೆ ಸರಿಯುತ್ತಿದ್ದದ್ದು ಎಲ್ಲ ಮುಗಿದ ಮೇಲೆ, ಅದೂ ಆಜ್ಞೆ ಹಿಂದಕ್ಕೆ ಕಳಿಸದಿದ್ದಾಗ ಮಾತ್ರ. ಆ ಸಾಲನ್ನು ಮೇಲಕ್ಕೆ ಎತ್ತಿಟ್ಟು ಮತ್ತೆ ಕಂಪೈಲ್ ಮಾಡಿದೆ. ಎರಡೂ ಒತ್ತಿದೆ, ಅಚ್ಚು ಬಿತ್ತು. ಎಡಗುಂಡಿ ಬಿಟ್ಟೆ. ಅಚ್ಚು ಬಿತ್ತು. ಬಲಗುಂಡಿ ಬಿಡುವವರೆಗೂ ಬೀಳುತ್ತಲೇ ಇತ್ತು, ಎಡಗೈಯನ್ನು ಕೇಳುವ ಗೋಜಿಗೇ ಹೋಗದೆ.

ಆ ಚಿಪ್ಪಿಗೆ ಆಜ್ಞೆ ಬರೆದ ಪುಣ್ಯಾತ್ಮನೂ ನನ್ನ ಹಾಗೆಯೇ ಆರರಿಂದ ಎಣಿಸಿದ್ದ. ಸೊನ್ನೆಗೆ ಕಳಿಸಿದೆ ಎಂದುಕೊಂಡು ಎರಡಕ್ಕೆ ಕಳಿಸಿದ್ದ. ಅವನ ತಪ್ಪನ್ನು ನನ್ನ ತಪ್ಪು ಮುಚ್ಚಿಹಾಕಿತ್ತು. ಬಲಗೈ ಚಟ್ಟನೆ ಎತ್ತುವವರು ಬಚಾವಾಗುತ್ತಿದ್ದರು. ಚಿಕ್ಕಮ್ಮನ ಗೆಣ್ಣುಗಳು ಹತ್ತೊಂಬತ್ತು ವರ್ಷ ಗುಂಡಿ ಒತ್ತಿ ಬಿಗಿದುಹೋಗಿದ್ದವು; ಎಡಗೈ ತಗಡಿಗೆ ಚಾಚಿದ ಮೇಲೂ ಬಲಗೈ ಏಳುವುದು ಒಂದು ಗಳಿಗೆ ತಡ.

ಗುರುವಾರ ವಿಚಾರಣಾಧಿಕಾರಿಯ ಮುಂದೆ ಒಂದೊಂದೇ ಎಂಟರ್ ಒತ್ತಿ ತೋರಿಸಿದೆ. ಕಂಪನಿಯ ಎಂಜಿನಿಯರು ಇದು ಮಕ್ಕಳಾಟ, ಯಂತ್ರವೇ ಬೇರೆ ಎಂದರು. ಚಿಕ್ಕಮ್ಮ ಎದ್ದು ನಿಂತಳು. “ಹಾಗಾದ್ರೆ ಯಂತ್ರಾನೇ ಕೇಳೋಣ ಬನ್ನಿ ಸಾರ್. ಹಳೇ ಪೆಟ್ಟಿಗೆ ಇನ್ನೂ ಹದಿನಾಲ್ಕು ಪ್ರೆಸ್‌ಗೆ ಇದೆ.” ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ನಡೆಯಿರಿ ಎಂದರು.

ಗುಂಡಿ ಒತ್ತಿದ್ದು ಎಂಜಿನಿಯರೇ. ಅಚ್ಚು ಒಮ್ಮೆ ಬಿದ್ದು ಎದ್ದಿತು. ಅಧಿಕಾರಿಯ ಸೂಚನೆಯಂತೆ ಅವರು ಬಲಗೈಯನ್ನು ಗುಂಡಿಯ ಮೇಲೇ ಬಿಟ್ಟು, ಎಡಗೈ ತೆಗೆದು ಎದೆಯ ಮೇಲಿಟ್ಟುಕೊಂಡರು. ಪೂರ್ಣವಿರಾಮ ಒಂದು ಉದ್ದನೆಯ ಕೋಲನ್ನು ದೂರದಿಂದ ಅಚ್ಚಿನಡಿ ಚಾಚಿದ. ಲಟ್ಟೆಂದು ಮುರಿಯಿತು. ಇಷ್ಟು ದಿನ ಯಾರಿಗೂ ಸಿಗದಿದ್ದ ಮರದ ಚೂರು ಕೊನೆಗೂ ಸಿಕ್ಕಿತು. ಅಧಿಕಾರಿ ಅದನ್ನು ಬಗ್ಗಿ ಎತ್ತಿಕೊಂಡರು. ಉಳಿದ ಹದಿಮೂರು ಪ್ರೆಸ್ಸುಗಳ ಹೆಂಗಸರು ಯಾರೂ ಹೇಳದೆಯೇ ಗುಂಡಿಯಿಂದ ಕೈ ತೆಗೆದು ನಿಂತರು.

ಆ ವಾರದ ಕೂಟದಲ್ಲಿ ಚಿಕ್ಕಮ್ಮ ಹೊಸ ನೋಟೀಸನ್ನು ಓದಿದಳು. ಅವಳ ಮೇಲಿನ ಆರೋಪ ರದ್ದಾಗಿತ್ತು, ಕೈ ಮಾಗಿದ ಮೇಲೆ ಅದೇ ಕೆಲಸಕ್ಕೆ ಬರಬಹುದಿತ್ತು. ‘ನಡೆದ ಘಟನೆಗೆ ಕಂಪನಿ ವಿಷಾದಿಸುತ್ತದೆ’ ಎಂಬ ಸಾಲಿಗೆ ಪೂರ್ಣವಿರಾಮ ತಡೆದ. ಅರ್ಥ ಹೇಳುವ ಸರದಿ ನನ್ನದು: ತಪ್ಪಾಯಿತು ಎನ್ನಲು ನಾಲಿಗೆ ಹೊರಳದವರು ಹೀಗೆ ಬರೆಯುತ್ತಾರೆ ಎಂದೆ. ನಾವೇನು ಮಾಡಬೇಕು ಎಂಬುದನ್ನು ಹೇಳುವ ಸರದಿ ಆ ದಿನ ಮೊದಲ ಸಲ ಬಂದಿದ್ದ ಪ್ರೆಸ್ಸಿನ ಹೆಂಗಸೊಬ್ಬಳದು. “ಹದಿನಾಲ್ಕು ಚಿಪ್ಪೂ ನಮ್ಮ ಕಣ್ಣೆದುರೇ ಬದಲಾಗ್ಬೇಕು, ಬದಲಾಗಿದ್ದನ್ನ ಇವಳು ಓದಿ ಹೇಳ್ಬೇಕು. ಅಲ್ಲೀವರೆಗೂ ಗುಂಡಿ ಮುಟ್ಟಲ್ಲ” ಎಂದು ಚಿಕ್ಕಮ್ಮನತ್ತ ಕೈ ತೋರಿಸಿದಳು.

ಚಿಕ್ಕಮ್ಮನ ಬೆರಳು ಆಗಲೇ ಮುಂದಿನ ಸಾಲಿನ ಮೇಲೆ ಕಾಯುತ್ತಿತ್ತು.